ಹಳೆಯ ಸ್ಕ್ಯಾನ್ ಪಕ್ಕದಲ್ಲಿ ಹೊಸ ಸ್ಕ್ಯಾನ್

1981ರಲ್ಲಿ ಲಂಡನ್ನಿನ ಹ್ಯಾಮರ್‌ಸ್ಮಿತ್ ಆಸ್ಪತ್ರೆಯ ತಂಡವೊಂದು ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆಯಲ್ಲಿ ಚಿಕ್ಕದೊಂದು ವರದಿ ಪ್ರಕಟಿಸಿತು. ಮಲ್ಟಿಪಲ್ ಸ್ಕ್ಲೆರೋಸಿಸ್ (ಎಂಎಸ್) ಇದ್ದ ಹತ್ತು ಮಂದಿಯ ಮೆದುಳನ್ನು ಆಗ ಬಳಕೆಯಲ್ಲಿದ್ದ ಸಿ.ಟಿ. ಸ್ಕ್ಯಾನ್‌ನಲ್ಲಿ ನೋಡಿದರೆ ಸಿಕ್ಕಿದ್ದು ಒಟ್ಟು 19 ಗಾಯಗಳು. ಅದೇ ಹತ್ತು ಮಂದಿಯನ್ನು ಇನ್ನೂ ಪ್ರಯೋಗದ ಹಂತದಲ್ಲಿದ್ದ ಯಂತ್ರವೊಂದರೊಳಗೆ ಮಲಗಿಸಿದಾಗ, ಅದನ್ನೇ ಇಂದು ಎಂಆರ್‌ಐ ಎನ್ನುತ್ತೇವೆ, ಹೆಚ್ಚುವರಿಯಾಗಿ 112 ಗಾಯಗಳು ಕಂಡವು. ಅಲ್ಲಿಯವರೆಗೆ ಈ ರೋಗದ ಗಾಯಗಳನ್ನು ಕಣ್ಣಾರೆ ನೋಡಬೇಕೆಂದರೆ ಹೆಚ್ಚುಕಡಿಮೆ ಶವಪರೀಕ್ಷೆಯೇ ಗತಿಯಾಗಿತ್ತು. ಬದುಕಿರುವವರ ತಲೆಯೊಳಗೆ ಅವು ಹೀಗೆ ಸಾಲುಸಾಲಾಗಿ ಬೆಳಗಿದ್ದೇ ತಡ, ವೈದ್ಯಲೋಕಕ್ಕೆ ಸಹಜವಾಗಿಯೇ ಒಂದು ಆಸೆ ಹುಟ್ಟಿತು: ಎಣಿಸೋಣ, ಅಳೆಯೋಣ, ಕೂಡೋಣ, ಬಂದ ಮೊತ್ತವೇ ರೋಗದ ಅಳತೆಯಾಗಲಿ. ನಲವತ್ತು ವರ್ಷಗಳ ನಂತರ ಆ ಎಣಿಕೆಯ ಕೆಲಸ ಕಂಪ್ಯೂಟರಿನ ಪಾಲಿಗೆ ಬಂದಿದೆ. ಮೊತ್ತವೇ ರೋಗದ ಅಳತೆ ಎನ್ನುವ ಆಸೆ ಮಾತ್ರ ಅರ್ಧಕ್ಕಿಂತ ಹೆಚ್ಚು ಹುಸಿಯಾಗಿದೆ.

ರೋಗದ ಬಗ್ಗೆ ಎರಡು ಮಾತು. ಮೆದುಳು ಮತ್ತು ಬೆನ್ನುಹುರಿಯ ನರತಂತುಗಳ ಮೇಲೆ ಮೈಲಿನ್ ಎಂಬ ಕೊಬ್ಬಿನಂಶದ ಹೊದಿಕೆ ಇರುತ್ತದೆ. ಸಂದೇಶಗಳು ವೇಗವಾಗಿ ಓಡುವುದು ಅದರಿಂದ. ಎಂಎಸ್‌ನಲ್ಲಿ ದೇಹದ ರಕ್ಷಣಾ ವ್ಯವಸ್ಥೆಯೇ ಆ ಹೊದಿಕೆಯ ಮೇಲೆ ತಿರುಗಿಬೀಳುತ್ತದೆ. ಸಾಮಾನ್ಯವಾಗಿ 20ರಿಂದ 40ರ ವಯಸ್ಸಿನಲ್ಲಿ, ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚಾಗಿ, ಒಂದು ಕಣ್ಣು ಮಂಜಾಗುವುದೋ, ಕಾಲು ಜೋಮು ಹಿಡಿದು ಬಿಡದಿರುವುದೋ, ನಡಿಗೆ ತೂರಾಡುವುದೋ ಶುರುವಾಗಿ, ಕೆಲವು ವಾರಗಳಲ್ಲಿ ತಾನಾಗಿಯೇ ಇಳಿದು, ತಿಂಗಳುಗಳ ನಂತರ ಇನ್ನೊಂದು ಕಡೆ ಮರುಕಳಿಸುತ್ತದೆ. ಪ್ಯಾರಿಸ್ಸಿನ ಸಾಲ್ಪೆತ್ರಿಯೇರ್ ಆಸ್ಪತ್ರೆಯ ಜಾನ್ ಮಾರ್ಟಿನ್ ಶಾರ್ಕೊ 1868ರಲ್ಲಿ ಇದನ್ನು ಪ್ರತ್ಯೇಕ ರೋಗವೆಂದು ವಿವರಿಸಿದ. 1916ರಲ್ಲಿ ಎಡಿನ್‌ಬರೋದ ಜೇಮ್ಸ್ ಡಾಸನ್, ಈ ಗಾಯಗಳು ಸಣ್ಣ ರಕ್ತನಾಳಗಳ ಸುತ್ತಲೇ ಹುಟ್ಟಿ ಬೆರಳಿನಂತೆ ಚಾಚಿಕೊಂಡಿರುತ್ತವೆ ಎಂದು ಸೂಕ್ಷ್ಮದರ್ಶಕದಲ್ಲಿ ಕಂಡು ದಾಖಲಿಸಿದ. ಡಾಸನ್‌ನ ಆ ಮಾತು ಮುಂದೆ ಮತ್ತೆ ಬರುತ್ತದೆ. ಎಂಆರ್‌ಐ ನೋಡುವುದು ಮೈಲಿನ್ ಅನ್ನಲ್ಲ, ನೀರನ್ನು. ಗಾಯವಾದ ಜಾಗದಲ್ಲಿ ನೀರಿನಂಶ ಹೆಚ್ಚಾಗಿ ಅದು ಬಿಳಿ ಚುಕ್ಕೆಯಾಗಿ ಕಾಣುತ್ತದೆ. ಮೆದುಳಿನ ಒಳಗೂ ಸುತ್ತಲೂ ಇರುವ ದ್ರವ ಕೂಡ ಬಿಳಿಯಾಗಿಯೇ ಕಂಡು ಪಕ್ಕದ ಚುಕ್ಕೆಗಳನ್ನು ಮರೆಮಾಡುತ್ತಿತ್ತು. ಆ ದ್ರವವನ್ನು ಕಪ್ಪಾಗಿಸಿ ಗಾಯವನ್ನಷ್ಟೇ ಬೆಳಗುವಂತೆ ಉಳಿಸುವ ಫ್ಲೇರ್ ವಿಧಾನ 1992ರಲ್ಲಿ ಬಂತು, ಅದೂ ಹ್ಯಾಮರ್‌ಸ್ಮಿತ್‌ನಿಂದಲೇ. ಇಂದಿನ ಕಂಪ್ಯೂಟರ್ ವಿಶ್ಲೇಷಣೆಯೆಲ್ಲ ಬಹುಪಾಲು ನಿಂತಿರುವುದು ಈ ಫ್ಲೇರ್ ಚಿತ್ರದ ಮೇಲೆ.

ಈಗ ಮಾರುಕಟ್ಟೆಯಲ್ಲಿರುವ ತಂತ್ರಾಂಶಗಳು ಒಂದು ಸ್ಕ್ಯಾನ್ ನುಂಗಿ ಕೆಲವೇ ನಿಮಿಷಗಳಲ್ಲಿ ಬಣ್ಣದ ವರದಿ ಕೊಡುತ್ತವೆ: ಇಷ್ಟು ಚುಕ್ಕೆ, ಒಟ್ಟು ಇಷ್ಟು ಮಿಲಿಲೀಟರ್, ನಿಮ್ಮ ವಯಸ್ಸಿನವರಿಗೆ ಹೋಲಿಸಿದರೆ ಮೆದುಳಿನ ಗಾತ್ರ ಇಷ್ಟು. ದಶಮಾಂಶ ಬಿಂದುವಿನ ಆಚೆಗೂ ಅಂಕೆ ಇರುವುದರಿಂದ ಓದುವವರಿಗೆ ನಂಬಿಕೆ ತಾನಾಗಿ ಬರುತ್ತದೆ. ನನ್ನ ವಾದ ಇಷ್ಟೆ: ಈ ಯಂತ್ರಕ್ಕೆ ಕೇಳಬಹುದಾದ ಪ್ರಶ್ನೆಗಳಲ್ಲಿ ಎರಡು ಬಗೆ. ‘ಹೋದ ಸಲಕ್ಕೂ ಈ ಸಲಕ್ಕೂ ಏನು ಬದಲಾಯಿತು?’ ಎಂದು ಕೇಳಿದರೆ ಅದು ಮನುಷ್ಯನ ಕಣ್ಣಿಗಿಂತ ಉಪಯುಕ್ತ. ‘ಇವರಿಗೆ ರೋಗ ಎಷ್ಟಿದೆ?’ ಎಂದು ಕೇಳಿದರೆ ಬರುವ ಉತ್ತರ ನಿಖರವಾಗಿ ಕಾಣುತ್ತದೆ, ಆದರೆ ಒಬ್ಬ ರೋಗಿಯ ಮಟ್ಟಿಗೆ ಅದಕ್ಕೆ ಹೆಚ್ಚಿನ ಅರ್ಥವಿಲ್ಲ. ಎರಡನೇ ಬಗೆಯ ಅಂಕೆಯನ್ನು ವರದಿಯ ನೆತ್ತಿಯ ಮೇಲೆ ದಪ್ಪಕ್ಷರದಲ್ಲಿ ಅಚ್ಚು ಹಾಕುವುದು ತಪ್ಪು.

ಚುಕ್ಕೆ ಎಣಿಸುವುದರಿಂದ ಆದ ಉಪಕಾರವನ್ನು ಮೊದಲು ಒಪ್ಪಿಕೊಳ್ಳಬೇಕು, ಯಾಕೆಂದರೆ ಅದು ಸಣ್ಣದಲ್ಲ. 1993ರಲ್ಲಿ ಇಂಟರ್‌ಫೆರಾನ್ ಬೀಟಾ ಎಂಬ ಚುಚ್ಚುಮದ್ದಿನ ಪ್ರಯೋಗದ ಫಲಿತಾಂಶ ಬಂತು. 372 ರೋಗಿಗಳು, ಹೆಚ್ಚಿನ ಡೋಸ್ ಪಡೆದವರಲ್ಲಿ ಮರುಕಳಿಕೆ ಸುಮಾರು ಮೂರನೇ ಒಂದು ಭಾಗದಷ್ಟು ಕಡಿಮೆ. ಆದರೆ ಅಂಗವೈಕಲ್ಯದ ವಿಷಯದಲ್ಲಿ ಔಷಧ ಪಡೆದವರಿಗೂ ಪಡೆಯದವರಿಗೂ ಗಟ್ಟಿಯಾದ ವ್ಯತ್ಯಾಸ ಕಾಣಲಿಲ್ಲ. ಅನುಮಾನಕ್ಕೆ ಆಸ್ಪದವಿದ್ದ ಆ ಹೊತ್ತಿನಲ್ಲಿ ಕೈಹಿಡಿದದ್ದು ಕೆನಡಾದ ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯದ ಡೊನಾಲ್ಡ್ ಪೇಟಿ ಮತ್ತು ಡೇವಿಡ್ ಲೀ ಅಳೆದ ಎಂಆರ್‌ಐ ಚಿತ್ರಗಳು. ಖಾಲಿ ಮದ್ದು ಪಡೆದವರಲ್ಲಿ ಗಾಯಗಳ ವಿಸ್ತೀರ್ಣ ವರ್ಷದಿಂದ ವರ್ಷಕ್ಕೆ ಹೆಚ್ಚುತ್ತಾ ಹೋಗಿತ್ತು, ಔಷಧ ಪಡೆದವರಲ್ಲಿ ಹಾಗಾಗಿರಲಿಲ್ಲ. ಅದೇ ವರ್ಷ ಅಮೆರಿಕದ ಔಷಧ ನಿಯಂತ್ರಕರು ಅನುಮತಿ ಕೊಟ್ಟರು. ಎಂಎಸ್‌ನ ಹಾದಿಯನ್ನೇ ಬದಲಿಸುವ ಮೊದಲ ಔಷಧ ಅದು. 2009ರಲ್ಲಿ ಇಟಲಿಯ ಮರಿಯಾ ಪಿಯಾ ಸೊರ್ಮಾನಿ ಮತ್ತು ಸಂಗಡಿಗರು 23 ಔಷಧ ಪ್ರಯೋಗಗಳ, ಆರೂವರೆ ಸಾವಿರಕ್ಕೂ ಹೆಚ್ಚು ರೋಗಿಗಳ ಲೆಕ್ಕವನ್ನು ಒಟ್ಟುಗೂಡಿಸಿ ನೋಡಿದರು. ಒಂದು ಔಷಧ ಸ್ಕ್ಯಾನ್‌ನಲ್ಲಿನ ಚುಕ್ಕೆಗಳನ್ನು ಎಷ್ಟು ತಡೆಯುತ್ತದೆ ಎಂಬುದು ಗೊತ್ತಾದರೆ ಮರುಕಳಿಕೆಯನ್ನು ಎಷ್ಟು ತಡೆಯುತ್ತದೆ ಎಂಬುದರ ಏರಿಳಿತದಲ್ಲಿ ಶೇ 80ರಷ್ಟನ್ನು ವಿವರಿಸಬಹುದು ಎಂದು ತಿಳಿಯಿತು. ಹಾಗಾಗಿಯೇ ಹೊಸ ಔಷಧಗಳ ಆರಂಭಿಕ ಪರೀಕ್ಷೆಗಳು ಇಂದು ಕೆಲವು ತಿಂಗಳ ಎಂಆರ್‌ಐ ಮೇಲೆಯೇ ನಡೆಯುತ್ತವೆ. 2017ರಲ್ಲಿ ಅನುಮತಿ ಪಡೆದ ಓಕ್ರೆಲಿಜುಮಾಬ್, ಹಳೆಯ ಇಂಟರ್‌ಫೆರಾನ್‌ಗೆ ಹೋಲಿಸಿದರೆ, ಸ್ಕ್ಯಾನ್ ವೇಳೆ ಚುಚ್ಚುವ ಬಣ್ಣದ ಮದ್ದು ಹೀರಿ ಹೊಳೆಯುವ ತಾಜಾ ಗಾಯಗಳನ್ನು ಶೇ 90ಕ್ಕೂ ಹೆಚ್ಚು ಕಡಿಮೆ ಮಾಡಿತು. ಎಂಎಸ್ ಚಿಕಿತ್ಸೆ ಕಳೆದ ಮೂರು ದಶಕಗಳಲ್ಲಿ ಇಷ್ಟು ಮುಂದೆ ಬಂದದ್ದರ ಹಿಂದೆ ಈ ಚುಕ್ಕೆಗಳ ಲೆಕ್ಕವಿದೆ.

ಆದರೆ ಮೇಲಿನ ಸಾಕ್ಷ್ಯವನ್ನು ಇನ್ನೊಮ್ಮೆ ನೋಡಿ. ಎಲ್ಲವೂ ಗುಂಪಿನ ಲೆಕ್ಕ, ಮತ್ತು ಎಲ್ಲವೂ ಹೊಸ ಗಾಯಗಳ ಅಥವಾ ಬೆಳವಣಿಗೆಯ ಲೆಕ್ಕ. ಒಬ್ಬ ವ್ಯಕ್ತಿಯ ತಲೆಯಲ್ಲಿರುವ ಒಟ್ಟು ಗಾಯದ ಪ್ರಮಾಣಕ್ಕೂ ಆತನ ಕಷ್ಟಕ್ಕೂ ಇರುವ ನಂಟು ಸಡಿಲವಾದದ್ದು. ನೆದರ್‌ಲ್ಯಾಂಡ್ಸ್‌ನ ಫ್ರೆಡೆರಿಕ್ ಬಾರ್ಕಾಫ್ 2002ರಲ್ಲಿ ಬರೆದ ಲೇಖನವೊಂದರಿಂದ ಈ ವಿರೋಧಾಭಾಸದ ಚರ್ಚೆ ಹರಡಿತು: ಮೆದುಳಿನ ತುಂಬ ಚುಕ್ಕೆಗಳಿದ್ದೂ ಆರಾಮವಾಗಿ ಓಡಾಡುವವರಿದ್ದಾರೆ, ನಾಲ್ಕೈದೇ ಚುಕ್ಕೆಗಳಿದ್ದೂ ಊರುಗೋಲು ಹಿಡಿದವರಿದ್ದಾರೆ. ಕಾರಣಗಳಲ್ಲಿ ಮೊದಲನೆಯದು ಜಾಗ. ಲೇಔಟಿನ ಒಳರಸ್ತೆಯಲ್ಲಿ ಹತ್ತು ಗುಂಡಿ ಬಿದ್ದರೂ ಊರು ನಡೆಯುತ್ತದೆ, ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ಒಂದು ಬಿದ್ದರೆ ಸಾಕು ಅರ್ಧ ಬೆಂಗಳೂರು ನಿಲ್ಲುತ್ತದೆ. ಕಿರುಬೆರಳಿನಷ್ಟೇ ದಪ್ಪದ ಬೆನ್ನುಹುರಿಯಲ್ಲೋ ಮೆದುಳಿನ ಕಾಂಡದಲ್ಲೋ ಆದ ಸಣ್ಣ ಗಾಯ ಮಾಡುವ ಹಾನಿಯನ್ನು ಮೆದುಳಿನ ಒಳಗಿನ ದೊಡ್ಡ ಗಾಯ ಮಾಡದಿರಬಹುದು. ಮಿಲಿಲೀಟರ್ ಮೊತ್ತದಲ್ಲಿ ಜಾಗದ ಸುದ್ದಿಯೇ ಇರುವುದಿಲ್ಲ. ಎಷ್ಟೋ ತಂತ್ರಾಂಶಗಳು ಬೆನ್ನುಹುರಿಯನ್ನು ನೋಡುವುದೂ ಇಲ್ಲ. ಎರಡನೆಯದಾಗಿ, ಮೆದುಳಿನ ಮೇಲ್ಪದರದ ಬೂದು ಭಾಗದಲ್ಲಿ ಆಗುವ ಗಾಯಗಳು ಸಾಧಾರಣ ಎಂಆರ್‌ಐನಲ್ಲಿ ಬಹುಪಾಲು ಕಾಣುವುದೇ ಇಲ್ಲ. ಮೂರನೆಯದು, ಒಂದೇ ಬಗೆಯ ಬಿಳುಪಿನ ಹಿಂದೆ ಬೇರೆ ಬೇರೆ ಕತೆಗಳಿರುತ್ತವೆ. ಊತ ಮಾತ್ರ ಇದ್ದು ನರತಂತು ಉಳಿದಿರುವ ಗಾಯವೂ ಬಿಳಿ, ಮೈಲಿನ್ ಮತ್ತೆ ಬೆಳೆದು ಅರ್ಧ ವಾಸಿಯಾದದ್ದೂ ಬಿಳಿ, ನರತಂತುಗಳೆಲ್ಲ ತುಂಡಾಗಿ ಬರಿದಾದದ್ದೂ ಬಿಳಿ. ಇವುಗಳ ಮೇಲೆ, ಹಾನಿಯಾದ ದಾರಿ ಬಿಟ್ಟು ಬಳಸುದಾರಿ ಹುಡುಕಿಕೊಳ್ಳುವ ಶಕ್ತಿ ಮೆದುಳಿನಿಂದ ಮೆದುಳಿಗೆ ಬೇರೆ.

ಇರಲಿ, ಮೊತ್ತಕ್ಕೆ ಅರ್ಥ ಕಡಿಮೆಯಾದರೂ ಮೊತ್ತವಾದರೂ ಸರಿಯಾಗಿದೆಯೇ? ಕಂಪ್ಯೂಟರಿಗೆ ಚುಕ್ಕೆ ಗುರುತಿಸಲು ಕಲಿಸುವುದು ಮನುಷ್ಯರು. ತಜ್ಞರು ಒಂದೊಂದು ಪದರದ ಚಿತ್ರದಲ್ಲೂ ಗಾಯದ ಅಂಚನ್ನು ಮೌಸ್ ಹಿಡಿದು ಗೆರೆ ಎಳೆದು ತೋರಿಸುತ್ತಾರೆ. ಯಂತ್ರ ಅದನ್ನು ಅನುಕರಿಸುತ್ತದೆ. ಆ ತಜ್ಞರೇ ಪರಸ್ಪರ ಎಷ್ಟು ಒಪ್ಪುತ್ತಾರೆ ಎಂದು ಅಳೆಯಲು ಡೈಸ್ ಅಂಕ ಎಂಬ ಮಾನದಂಡವಿದೆ. (ಲೀ ಡೈಸ್ ಎಂಬ ಪರಿಸರ ವಿಜ್ಞಾನಿ 1945ರಲ್ಲಿ ಎರಡು ಜೀವಜಾತಿಗಳು ಎಷ್ಟರಮಟ್ಟಿಗೆ ಒಂದೇ ಜಾಗದಲ್ಲಿ ಸಿಗುತ್ತವೆ ಎಂದು ಲೆಕ್ಕ ಹಾಕಲು ಬಳಸಿದ ಸೂತ್ರ ಇದು, ಮೆದುಳಿನ ಚಿತ್ರಕ್ಕೆ ಬಂದು ಸೇರುತ್ತದೆ ಎಂದು ಆತ ಎಣಿಸಿರಲಾರ.) ಇಬ್ಬರು ಎಳೆದ ಗೆರೆಗಳು ಪೂರ್ತಿ ಒಂದಾದರೆ ಅಂಕ 1, ಎಲ್ಲೂ ತಾಕದಿದ್ದರೆ 0. 2015ರಲ್ಲಿ ಐಎಸ್‌ಬಿಐ ಎಂಬ ವೈದ್ಯಕೀಯ ಚಿತ್ರಣದ ಸಮ್ಮೇಳನಕ್ಕಾಗಿ ಜಾನ್ಸ್ ಹಾಪ್‌ಕಿನ್ಸ್ ತಂಡ ಸಿದ್ಧಪಡಿಸಿದ, ಗಾಯ ಗುರುತಿಸುವ ಸ್ಪರ್ಧೆಯ ಚಿತ್ರಗಳಲ್ಲಿ ಇಬ್ಬರು ಅನುಭವಿಗಳ ನಡುವಿನ ಡೈಸ್ ಅಂಕ 0.63ರ ಆಸುಪಾಸಿನಲ್ಲಿತ್ತು. ಅಂದರೆ ಗಾಯ ಎಲ್ಲಿ ಮುಗಿದು ಸಹಜ ಅಂಗಾಂಶ ಎಲ್ಲಿ ಶುರುವಾಗುತ್ತದೆ ಎಂಬುದರಲ್ಲಿ ಕಲಿಸುವವರಿಗೇ ಒಮ್ಮತವಿಲ್ಲ. ಇದು ಅವರ ಅಜಾಗರೂಕತೆಯಲ್ಲ. ಗಾಯದ ಅಂಚು ನಿಜಕ್ಕೂ ಮಸುಕು.

ಈ 0.63 ಎಂಬುದನ್ನು ಕೂಡ ಸ್ವಲ್ಪ ಬಿಡಿಸಿ ನೋಡಬೇಕು. ಎಂಎಸ್‌ನಲ್ಲಿ ಗಣನೆಗೆ ತೆಗೆದುಕೊಳ್ಳುವ ಅತಿ ಚಿಕ್ಕ ಗಾಯದ ಉದ್ದ 3 ಮಿಲಿಮೀಟರ್. ಅದನ್ನು ಒಂದು ಗೋಳ ಎಂದುಕೊಂಡರೆ ಗಾತ್ರ ಸುಮಾರು 14 ಘನ ಮಿಲಿಮೀಟರ್. ಒಬ್ಬ ತಜ್ಞ ಸುತ್ತಲೂ ಒಂದೇ ಒಂದು ಮಿಲಿಮೀಟರ್ ಆಚೆಗೆ ಗೆರೆ ಎಳೆದ ಎನ್ನೋಣ: ವ್ಯಾಸ 5, ಗಾತ್ರ 65. ಇಬ್ಬರೂ ಅದೇ ಗಾಯವನ್ನೇ ಕಂಡಿದ್ದಾರೆ, ಆದರೂ ಡೈಸ್ ಅಂಕ 0.36ಕ್ಕೆ ಕುಸಿಯುತ್ತದೆ, ಗಾತ್ರ ನಾಲ್ಕೂವರೆ ಪಟ್ಟು ಹಿಗ್ಗುತ್ತದೆ. 20 ಮಿಲಿಮೀಟರ್ ವ್ಯಾಸದ ದೊಡ್ಡ ಗಾಯದ ಮೇಲೆ ಅದೇ ಒಂದು ಮಿಲಿಮೀಟರ್ ಭಿನ್ನಾಭಿಪ್ರಾಯ ಬಂದರೆ ಅಂಕ 0.86ರಲ್ಲೇ ನಿಲ್ಲುತ್ತದೆ. ಹೀಗಾಗಿ ತಂತ್ರಾಂಶದ ಕಂಪನಿಯೊಂದು ‘ನಮ್ಮ ಡೈಸ್ ಅಂಕ ಇಷ್ಟು’ ಎಂದು ಹೆಮ್ಮೆಪಟ್ಟರೆ, ಅದು ಯಾರ ಮೆದುಳುಗಳ ಮೇಲೆ ಬಂದ ಅಂಕ ಎಂದು ಕೇಳಬೇಕು. ದೊಡ್ಡ ದೊಡ್ಡ ಗಾಯಗಳಿರುವ ಹಳೆಯ ರೋಗಿಗಳನ್ನು ಆರಿಸಿಕೊಂಡರೆ ಯಂತ್ರ ಜಾಣನಾಗಿ ಕಾಣುತ್ತದೆ. ಚಿಕಿತ್ಸೆಯ ನಿರ್ಧಾರ ಹೆಚ್ಚು ಮುಖ್ಯವಾಗುವುದು ಸಣ್ಣ ಗಾಯಗಳು ನಾಲ್ಕಾರು ಇರುವ ಹೊಸ ರೋಗಿಯಲ್ಲಿ. ಅಲ್ಲಿಯೇ ಈ ಅಂಕ ನೆಲ ಕಚ್ಚುತ್ತದೆ.

ಯಂತ್ರಗಳು ಸುಧಾರಿಸಿಲ್ಲ ಎಂದಲ್ಲ. 2001ರಲ್ಲಿ ಬೆಲ್ಜಿಯಂನ ಕೂನ್ ವಾನ್ ಲೇಂಪುಟ್ ತಂಡ ಹೂಡಿದ ಉಪಾಯ ಚೆಂದದ್ದು: ಸಹಜ ಮೆದುಳಿನ ಬಿಳಿ ಭಾಗ, ಬೂದು ಭಾಗ, ದ್ರವ ಇವುಗಳ ಹೊಳಪು ಹೇಗಿರುತ್ತದೆ ಎಂಬ ಸಂಖ್ಯಾಶಾಸ್ತ್ರದ ಮಾದರಿ ಕಟ್ಟಿ, ಅದಕ್ಕೆ ಹೊಂದದೆ ಹೊರಗುಳಿದದ್ದನ್ನೆಲ್ಲ ಗಾಯ ಎಂದು ಹಿಡಿಯುವುದು. 2015ರಲ್ಲಿ ಜರ್ಮನಿಯ ಫ್ರೈಬುರ್ಗ್‌ನಿಂದ ಬಂದ ಯು-ನೆಟ್ ಎಂಬ ನರಜಾಲ ವಿನ್ಯಾಸ ಈ ಆಟವನ್ನೇ ಬದಲಿಸಿತು. ಮಾದರಿ ಕಟ್ಟುವ ಬದಲು ಉದಾಹರಣೆಗಳನ್ನು ತೋರಿಸಿ ಕಲಿಸುವ ವಿಧಾನ ಬಂತು. ಆದರೂ 2016ರಲ್ಲಿ ಫ್ರೆಂಚ್ ಸಂಶೋಧಕರು 53 ರೋಗಿಗಳ ಚಿತ್ರಗಳನ್ನು ಏಳು ಏಳು ತಜ್ಞರಿಂದ ಗುರುತು ಮಾಡಿಸಿ ಸ್ಪರ್ಧೆ ಏರ್ಪಡಿಸಿದಾಗ, ಗಾಯ ಪತ್ತೆ ಮಾಡುವುದರಲ್ಲೂ ಅಂಚು ಎಳೆಯುವುದರಲ್ಲೂ ಯಂತ್ರಗಳು ತಜ್ಞರಿಗಿಂತ ಹಿಂದೆಯೇ ಉಳಿದವು. ಆಮೇಲೆ ಅಂತರ ಕಿರಿದಾಗಿದೆ, ಒಪ್ಪೋಣ. ಹಾಗಿದ್ದರೂ ತಂತ್ರಾಂಶ ಎಷ್ಟೇ ಜಾಣವಾಗಲಿ, ಅದಕ್ಕೆ ಉಣಿಸುವ ಚಿತ್ರವೇ ಯಂತ್ರದಿಂದ ಯಂತ್ರಕ್ಕೆ ಬೇರೆಯಾದರೆ ಏನು ಮಾಡುವುದು? ಉತ್ತರ ಅಮೆರಿಕದ ಸಂಶೋಧಕರ ಒಕ್ಕೂಟವೊಂದು ಇದಕ್ಕಾಗಿ ಸರಳವಾದ, ನನ್ನ ದೃಷ್ಟಿಯಲ್ಲಿ ಈ ಕ್ಷೇತ್ರದ ಅತಿ ಮುಖ್ಯವಾದ ಪ್ರಯೋಗಗಳಲ್ಲಿ ಒಂದನ್ನು ನಡೆಸಿ 2017ರಲ್ಲಿ ಪ್ರಕಟಿಸಿತು. ರೋಗ ಸ್ಥಿರವಾಗಿದ್ದ ಒಬ್ಬನೇ ಎಂಎಸ್ ರೋಗಿಯನ್ನು ಏಳು ಕೇಂದ್ರಗಳಿಗೆ ಕಳಿಸಿ, ಒಂದೇ ಕಂಪನಿಯ, ಒಂದೇ ಶಕ್ತಿಯ 3 ಟೆಸ್ಲಾ ಯಂತ್ರಗಳಲ್ಲಿ, ಮೊದಲೇ ಹೊಂದಿಸಿಕೊಂಡ ಒಂದೇ ವಿಧಾನದಲ್ಲಿ ಎರಡೆರಡು ಸಲ ಸ್ಕ್ಯಾನ್ ಮಾಡಿಸಿದರು. ಮೆದುಳು ಒಂದೇ, ರೋಗ ಒಂದೇ. ಆದರೂ ಗಾಯದ ಗಾತ್ರ, ಮೆದುಳಿನ ಭಾಗಗಳ ಗಾತ್ರ ಎರಡೂ ಕೇಂದ್ರದಿಂದ ಕೇಂದ್ರಕ್ಕೆ ಗಣನೀಯವಾಗಿ ಬೇರೆಯಾದವು. ಅದೇ ಕೇಂದ್ರದ ಎರಡು ಸ್ಕ್ಯಾನ್‌ಗಳ ನಡುವಿನ ವ್ಯತ್ಯಾಸ ಅದಕ್ಕಿಂತ ಬಹಳ ಕಡಿಮೆಯಿತ್ತು.

ಕೊನೆಯ ಆ ವಾಕ್ಯದಲ್ಲೇ ದಾರಿ ಇದೆ. ಒಂದೇ ಯಂತ್ರ, ಒಂದೇ ವಿಧಾನ, ಒಬ್ಬನೇ ವ್ಯಕ್ತಿ, ಎರಡು ದಿನಾಂಕ. ಹಳೆಯ ಚಿತ್ರವನ್ನೂ ಹೊಸ ಚಿತ್ರವನ್ನೂ ಕಂಪ್ಯೂಟರ್ ತಲೆಯ ಓರೆಕೋರೆ ಸರಿಪಡಿಸಿ ಒಂದರ ಮೇಲೊಂದು ಕೂರಿಸಿ, ಒಂದರಿಂದ ಇನ್ನೊಂದನ್ನು ಕಳೆಯುತ್ತದೆ. ಬದಲಾಗದ್ದೆಲ್ಲ ಬೂದು ಬಣ್ಣದಲ್ಲಿ ಕರಗಿಹೋಗಿ, ಹೊಸದಾಗಿ ಬಂದದ್ದು ಮಾತ್ರ ಬೆಳ್ಳಗೆ ಎದ್ದುನಿಲ್ಲುತ್ತದೆ. ಗಾಯದ ಅಂಚು ಎಲ್ಲಿ ಎಂಬ ತಗಾದೆ ಇಲ್ಲಿ ಹೆಚ್ಚು ಕಾಡುವುದಿಲ್ಲ, ಯಾಕೆಂದರೆ ಅಂಚನ್ನು ಒಂದು ಮಿಲಿಮೀಟರ್ ಆಚೆ ಎಳೆದಿದ್ದರೆ ಎರಡೂ ಚಿತ್ರದಲ್ಲಿ ಹಾಗೆಯೇ ಎಳೆದಿರುತ್ತದೆ. ತಪ್ಪು ತಪ್ಪಿಗೆ ವಜಾ ಆಗುತ್ತದೆ. ಮನುಷ್ಯನ ಕಣ್ಣಿಗೆ ಇದೇ ಕೆಲಸ ಎಷ್ಟು ಕಷ್ಟ ಎಂದು ಯೋಚಿಸಿ. ಇಂದಿನ ಮೂರು ಆಯಾಮದ ಒಂದು ಫ್ಲೇರ್ ಸ್ಕ್ಯಾನ್‌ನಲ್ಲಿ ನೂರೈವತ್ತಕ್ಕೂ ಹೆಚ್ಚು ಪದರಗಳಿರುತ್ತವೆ. ಮೊದಲೇ ಐವತ್ತು ಅರವತ್ತು ಚುಕ್ಕೆಗಳಿರುವ ಮೆದುಳಿನಲ್ಲಿ, ಹೋದ ವರ್ಷ ಇಲ್ಲದ 3 ಮಿಲಿಮೀಟರ್ ಚುಕ್ಕೆಯೊಂದು ಈ ವರ್ಷ ಸೇರಿಕೊಂಡಿದೆಯೇ ಎಂದು ಎರಡು ಪರದೆಗಳ ನಡುವೆ ಕಣ್ಣಾಡಿಸುತ್ತಾ ಹುಡುಕಬೇಕು. ಸಾಲಿನಲ್ಲಿ ಇನ್ನೂ ಹತ್ತು ರೋಗಿಗಳ ಸ್ಕ್ಯಾನ್ ಕಾಯುತ್ತಿರುತ್ತದೆ. ಎಂತಹ ನುರಿತ ರೇಡಿಯಾಲಜಿಸ್ಟ್‌ಗೂ ಇದು ತಪ್ಪಿಹೋಗುವ ಕೆಲಸ. ಕಳೆಯುವ ವಿಧಾನದಿಂದ ಬರಿಗಣ್ಣಿಗೆ ತಪ್ಪಿದ ಹೊಸ ಗಾಯಗಳು ಸಿಗುತ್ತವೆ ಎಂಬುದು ಹಲವು ಅಧ್ಯಯನಗಳಲ್ಲಿ ಕಂಡಿದೆ, ಮತ್ತು 2021ರ ಫ್ರೆಂಚ್ ಸ್ಪರ್ಧೆ ನೂರು ರೋಗಿಗಳ ಜೋಡಿ ಸ್ಕ್ಯಾನ್ ಇಟ್ಟುಕೊಂಡು ಹೊಸ ಗಾಯವನ್ನು ಮಾತ್ರ ಹುಡುಕಿ ಎಂದು ಪ್ರಶ್ನೆಯನ್ನೇ ಬದಲಿಸಿದ್ದು ಸುಮ್ಮನೆ ಅಲ್ಲ. ಆ ಒಂದು ಹೊಸ ಚುಕ್ಕೆಗೆ ಬೆಲೆ ಇದೆ: ರೋಗಿಗೆ ಏನೂ ಅನ್ನಿಸದಿದ್ದರೂ ಈಗಿನ ಔಷಧ ಸಾಲುತ್ತಿಲ್ಲ, ಬದಲಿಸಬೇಕೇನೋ ಎಂಬ ಚರ್ಚೆ ಅಲ್ಲಿಂದಲೇ ಶುರುವಾಗುತ್ತದೆ.

ಇದಕ್ಕೆ ಬರುವ ಒಂದು ಆಕ್ಷೇಪ ತರ್ಕಬದ್ಧವಾಗಿಯೇ ಇದೆ. ತಜ್ಞರು ಪರಸ್ಪರ ಒಪ್ಪುವುದಿಲ್ಲ, ಅದೇ ತಜ್ಞ ಬೆಳಗ್ಗೆ ಎಳೆದ ಗೆರೆಯನ್ನು ಸಂಜೆ ಎಳೆಯುವುದಿಲ್ಲ. ಕಂಪ್ಯೂಟರ್ ಅದೇ ಚಿತ್ರಕ್ಕೆ ಯಾವಾಗಲೂ ಅದೇ ಉತ್ತರ ಕೊಡುತ್ತದೆ. ಹಾಗಿರುವಾಗ ಅದರ ಮೊತ್ತವನ್ನೇ ಯಾಕೆ ನಂಬಬಾರದು? ಒಂದೇ ಉತ್ತರ ಕೊಡುವುದು ಬೇರೆ, ಸರಿಯುತ್ತರ ಕೊಡುವುದು ಬೇರೆ. ಬೂದು ಭಾಗದ ಗಾಯವನ್ನು ಪ್ರತಿ ಸಲವೂ ಬಿಟ್ಟುಬಿಡುವ ತಂತ್ರಾಂಶ ತಪ್ಪದೆ ತಪ್ಪು ಮಾಡುತ್ತದೆ. ಆದರೆ ಈ ಮಾರ್ಪಡದ ಗುಣ ಎಲ್ಲಿ ಕೆಲಸಕ್ಕೆ ಬರುತ್ತದೆ ಎಂದು ಕೇಳಿದರೆ, ಎರಡು ಕಾಲಗಳ ನಡುವಿನ ಹೋಲಿಕೆಯಲ್ಲಿ. ಹೀಗೆ ನೋಡಿದರೆ ಆಕ್ಷೇಪ ನನ್ನ ವಾದವನ್ನೇ ಎತ್ತಿಹಿಡಿಯುತ್ತದೆ. ಯಂತ್ರ ತೋರಿಸಿದ ‘ಹೊಸ’ ಚುಕ್ಕೆಗಳೆಲ್ಲ ಹೊಸದಾಗಿರುವುದಿಲ್ಲ ಎಂಬುದೂ ನಿಜ. ರೋಗಿ ತಲೆ ಅಲ್ಲಾಡಿಸಿದ್ದರೆ, ನಡುವೆ ಸ್ಕ್ಯಾನ್ ಯಂತ್ರದ ತಂತ್ರಾಂಶ ಬದಲಾಗಿದ್ದರೆ, ರಕ್ತನಾಳದ ಮಿಡಿತ ಚಿತ್ರದ ಮೇಲೆ ನೆರಳು ಬೀರಿದ್ದರೆ ಸುಳ್ಳು ಚುಕ್ಕೆಗಳು ಹುಟ್ಟುತ್ತವೆ. ಆದರೆ ಐದಾರು ಗುರುತುಗಳನ್ನು ತಜ್ಞರು ಒಂದೊಂದಾಗಿ ನೋಡಿ ತಳ್ಳಿಹಾಕುವುದು ನಿಮಿಷಗಳ ಕೆಲಸ. ಮಿಲಿಲೀಟರ್ ಮೊತ್ತವನ್ನು ಹಾಗೆ ಪರಿಶೀಲಿಸಲು ಯಾರಿಗೂ ಆಗುವುದಿಲ್ಲ. ನಂಬಬೇಕು, ಇಲ್ಲವೇ ಬಿಡಬೇಕು.

ಇದಕ್ಕಿಂತ ತೂಕದ ಆಕ್ಷೇಪ ರೋಗದ ಬಗೆಗಿನ ಹೊಸ ತಿಳಿವಳಿಕೆಯಿಂದಲೇ ಬರುತ್ತದೆ. ಹೊಸ ಗಾಯಗಳನ್ನು ಔಷಧದಿಂದ ಪೂರ್ತಿ ತಡೆದರೂ ಎಷ್ಟೋ ರೋಗಿಗಳ ನಡಿಗೆ, ಕೈಚಳಕ, ನೆನಪು ಸದ್ದಿಲ್ಲದೆ ಕುಂದುತ್ತಾ ಹೋಗುತ್ತವೆ. ಓಕ್ರೆಲಿಜುಮಾಬ್ ಪ್ರಯೋಗಗಳ ದತ್ತಾಂಶವನ್ನೇ ಮತ್ತೆ ಜಾಲಾಡಿ 2020ರಲ್ಲಿ ಪ್ರಕಟವಾದ ವಿಶ್ಲೇಷಣೆ, ಅಂಗವೈಕಲ್ಯ ಹೆಚ್ಚಾದ ಪ್ರಕರಣಗಳಲ್ಲಿ ಬಹುಪಾಲು ಮರುಕಳಿಕೆಗೆ ಸಂಬಂಧವಿಲ್ಲದೆ ಆದದ್ದು ಎಂದು ತೋರಿಸಿತು. ಬೂದಿ ಮುಚ್ಚಿದ ಕೆಂಡದಂತೆ ಹಳೆಯ ಗಾಯಗಳ ಅಂಚಿನಲ್ಲೇ ಉರಿ ಮುಂದುವರಿಯುತ್ತಿರುತ್ತದೆ. ಆ ಅಂಚಿನಲ್ಲಿ ಸೇರಿಕೊಳ್ಳುವ, ಕಬ್ಬಿಣ ತುಂಬಿದ ರಕ್ಷಣಾ ಕೋಶಗಳು ವಿಶೇಷ ಎಂಆರ್‌ಐನಲ್ಲಿ ಕಪ್ಪು ಬಳೆಯಂತೆ ಕಾಣುತ್ತವೆ; ಇಂತಹ ಬಳೆಯಿರುವ ಗಾಯ ನಾಲ್ಕೋ ಅದಕ್ಕಿಂತ ಹೆಚ್ಚೋ ಇದ್ದವರಿಗೆ ಅಂಗವೈಕಲ್ಯ ಬೇಗ ಬರುತ್ತದೆ ಎಂದು ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ಸಂಶೋಧಕರು 2019ರಲ್ಲಿ ಕಂಡುಕೊಂಡರು. ಹಾಗಾದರೆ ‘ಹೊಸದೇನು’ ಎಂದಷ್ಟೇ ಕೇಳಿ ಕುಳಿತರೆ ರೋಗದ ಅರ್ಧ ಭಾಗ ಕೈತಪ್ಪುವುದಿಲ್ಲವೇ? ತಪ್ಪುತ್ತದೆ, ಇದನ್ನು ಒಪ್ಪಲೇಬೇಕು. ಆದರೆ ಅದಕ್ಕೆ ಮದ್ದು ಬಿಳಿ ಚುಕ್ಕೆಗಳ ಒಟ್ಟು ಮೊತ್ತವಂತೂ ಅಲ್ಲ. ಅದು ಕೆಂಡವನ್ನೂ ಆರಿದ ಬೂದಿಯನ್ನೂ ಒಂದೇ ತಕ್ಕಡಿಗೆ ಹಾಕುತ್ತದೆ. ಮೆದುಳು ಕುಗ್ಗುವುದನ್ನು ಅಳೆಯೋಣವೆಂದರೆ ಅಲ್ಲೂ ತೊಡಕಿದೆ. ಆರೋಗ್ಯವಂತ ವಯಸ್ಕರಲ್ಲಿ ಮೆದುಳು ವರ್ಷಕ್ಕೆ ಶೇ 0.1ರಿಂದ 0.3ರಷ್ಟು, ಚಿಕಿತ್ಸೆ ಇಲ್ಲದ ಎಂಎಸ್‌ನಲ್ಲಿ ಶೇ 0.5ರಿಂದ 1.35ರಷ್ಟು ಕುಗ್ಗುತ್ತದೆ. ವ್ಯತ್ಯಾಸವೇ ಹೆಚ್ಚುಕಡಿಮೆ ಶೇಕಡಾ ಒಂದರೊಳಗೆ ಇರುವಾಗ, ಅಳತೆಯ ದೋಷವೇ ಶೇ 0.2ರ ಆಸುಪಾಸಿನಲ್ಲಿರುತ್ತದೆ. ನೀರು ಕಡಿಮೆ ಕುಡಿದು ಬಂದವರ ಮೆದುಳು ಕೂಡ ಅಂದು ತುಸು ಚಿಕ್ಕದಾಗಿ ಕಾಣುತ್ತದೆ. ಗುಂಪಿನ ಸರಾಸರಿಯಲ್ಲಿ ಇಂತಹ ಏರುಪೇರು ಮುಳುಗಿಹೋಗುತ್ತದೆ. ಆದರೆ ಒಬ್ಬ ಮಹಿಳೆಯ ಒಂದು ವರ್ಷದ ವರದಿಯಲ್ಲಿ ‘ನಿಮ್ಮ ಮೆದುಳು ಶೇ 0.6 ಕುಗ್ಗಿದೆ’ ಎಂದು ಬರೆದುಕೊಟ್ಟರೆ ಆಕೆಯ ನಿದ್ದೆ ಹೋಗುವುದೇ ಹೊರತು ವೈದ್ಯರಿಗೆ ಮಾಡಲು ಏನೂ ತೋಚುವುದಿಲ್ಲ.

ನಮ್ಮ ನಾಡಿಗೆ ಬಂದರೆ ಮೊತ್ತದ ಅಪಾಯ ಇನ್ನೊಂದು ಮಗ್ಗುಲಿನಿಂದ ಎದುರಾಗುತ್ತದೆ. ಮಂಗಳೂರು ನಗರದಲ್ಲಿ ಮೈಲಿನ್ ಹಾನಿಯ ರೋಗಗಳು ಎಷ್ಟಿವೆ ಎಂದು ನರರೋಗ ತಜ್ಞೆ ಡಾ. ಲೇಖಾ ಪಂಡಿತ್ ನಡೆಸಿದ ಅಧ್ಯಯನ 2014ರಲ್ಲಿ ಪ್ರಕಟವಾಯಿತು. ಎಂಎಸ್ ಲಕ್ಷಕ್ಕೆ ಸುಮಾರು 8 ಮಂದಿಗೆ, ಬ್ರಿಟನ್ನಿನಲ್ಲಾದರೆ ಇದು ನೂರೈವತ್ತಕ್ಕೂ ಹೆಚ್ಚು. ಆದರೆ ಎಂಎಸ್‌ನ ವೇಷದಲ್ಲೇ ಬರುವ ನ್ಯೂರೋಮೈಲೈಟಿಸ್ ಆಪ್ಟಿಕಾ ಲಕ್ಷಕ್ಕೆ ಸುಮಾರು 2.6 ಮಂದಿಯಲ್ಲಿತ್ತು. ಅಂದರೆ ಇಲ್ಲಿ ಮೂರು ಎಂಎಸ್ ರೋಗಿಗಳಿಗೆ ಒಬ್ಬರಂತೆ ಈ ರೋಗದವರಿದ್ದಾರೆ. ಯುರೋಪಿನಲ್ಲಿ ಈ ಪಾಲು ತೀರ ಚಿಕ್ಕದು. ನ್ಯೂರೋಮೈಲೈಟಿಸ್ ಆಪ್ಟಿಕಾವನ್ನು ಗುರುತಿಸುವ ರಕ್ತಪರೀಕ್ಷೆಗೆ ದಾರಿಯಾದದ್ದು 2004ರಲ್ಲಿ ಮೇಯೊ ಕ್ಲಿನಿಕ್‌ನ ವಾಂಡಾ ಲೆನನ್ ತಂಡ ಪತ್ತೆ ಮಾಡಿದ ಪ್ರತಿಕಾಯ. ಎರಡನ್ನೂ ಬೇರ್ಪಡಿಸುವುದು ಪಾಂಡಿತ್ಯದ ಮಾತಲ್ಲ. ಎಂಎಸ್‌ಗೆ ಕೊಡುವ ಇಂಟರ್‌ಫೆರಾನ್‌ನಂತಹ ಔಷಧ ಈ ರೋಗವನ್ನು ಉಲ್ಬಣಗೊಳಿಸಬಹುದು. ನಮ್ಮಲ್ಲಿ ಇದರ ಜತೆಗೆ ಮೆದುಳಿನ ಕ್ಷಯದ ಗಂಟುಗಳಿವೆ, ಲಾಡಿಹುಳುವಿನ ಕೋಶಗಳಿವೆ, ಬಿಪಿ-ಶುಗರ್‌ನಿಂದ ಸಣ್ಣ ರಕ್ತನಾಳಗಳು ಕೆಟ್ಟು ಮೂಡುವ ಬಿಳಿ ಚುಕ್ಕೆಗಳಿವೆ, ಅರೆತಲೆನೋವಿನವರಲ್ಲಿ ಕಾಣುವ ಚುಕ್ಕೆಗಳಿವೆ. ಬಹುಪಾಲು ಯುರೋಪ್ ಮತ್ತು ಅಮೆರಿಕದ ಎಂಎಸ್ ರೋಗಿಗಳ ಚಿತ್ರ ನೋಡಿ ಕಲಿತ ತಂತ್ರಾಂಶ, ತನ್ನ ಮುಂದೆ ಬಂದವರಿಗೆ ಎಂಎಸ್ ಇದೆ ಎಂದು ಮೊದಲೇ ನಂಬಿಕೊಂಡು ಅಳತೆಗೆ ಇಳಿಯುತ್ತದೆ. ಚುಕ್ಕೆ ಯಾಕೆ ಬಂತು ಎಂದು ಅದು ಕೇಳುವುದಿಲ್ಲ. ಇದು ನಮ್ಮೊಬ್ಬರ ಪಾಡೂ ಅಲ್ಲ: ಅಮೆರಿಕದ ನಾಲ್ಕು ಕೇಂದ್ರಗಳು 2016ರಲ್ಲಿ ಪಟ್ಟಿ ಮಾಡಿದ, ಎಂಎಸ್ ಎಂದು ತಪ್ಪಾಗಿ ಹೇಳಿಸಿಕೊಂಡ 110 ಮಂದಿಯಲ್ಲಿ ಮೂರನೇ ಒಂದು ಭಾಗ ಜನ ಹತ್ತು ವರ್ಷಕ್ಕೂ ಹೆಚ್ಚು ಕಾಲ ಆ ಹಣೆಪಟ್ಟಿ ಹೊತ್ತಿದ್ದರು. ಅವರಲ್ಲಿ ಹಲವರಿಗೆ ನಿಜವಾಗಿ ಇದ್ದದ್ದು ಅರೆತಲೆನೋವು.

ರೋಗಪತ್ತೆಯಲ್ಲಿ ಯಂತ್ರ ನೆರವಾಗಬಾರದು ಎಂದು ಇದರ ಅರ್ಥವಲ್ಲ. ಇಲ್ಲಿ ಡಾಸನ್ ಮತ್ತೆ ಬರುತ್ತಾನೆ. ಆತ 1916ರಲ್ಲಿ ಕಂಡಂತೆ ಎಂಎಸ್ ಗಾಯದ ನಟ್ಟನಡುವೆ ಸಣ್ಣ ರಕ್ತನಾಳವೊಂದು ಹಾದುಹೋಗುತ್ತದೆ. ಅರೆತಲೆನೋವಿನ ಅಥವಾ ಬಿಪಿಯ ಚುಕ್ಕೆಗಳಲ್ಲಿ ಸಾಮಾನ್ಯವಾಗಿ ಹಾಗಿರುವುದಿಲ್ಲ. ವಿಶೇಷ ಎಂಆರ್‌ಐನಲ್ಲಿ ಆ ನಾಳವನ್ನು ಈಗ ನೋಡಬಹುದು, ಮತ್ತು ಮ್ಯಾಕ್‌ಡೊನಾಲ್ಡ್ ಮಾನದಂಡ ಎಂದು ಕರೆಯುವ ರೋಗಪತ್ತೆಯ ನಿಯಮಗಳ 2024ರ ಪರಿಷ್ಕರಣೆಯಲ್ಲಿ ಈ ಗುರುತಿಗೂ, ಕಪ್ಪು ಬಳೆಗೂ ಜಾಗ ಸಿಕ್ಕಿದೆ. ಐವತ್ತು ಚುಕ್ಕೆಗಳ ನಡುವೆ ಒಂದೊಂದನ್ನೂ ಮೂರು ದಿಕ್ಕಿನಿಂದ ತಿರುಗಿಸಿ ನಾಳ ಇದೆಯೇ ಎಂದು ನೋಡುವುದು ಬೇಸರದ, ಕಣ್ಣು ಸೋಲುವ ಕೆಲಸ. ಅದನ್ನು ಕಂಪ್ಯೂಟರಿಗೆ ವಹಿಸಿದರೆ ಅದು ಗಾತ್ರದ ಮೊತ್ತಕ್ಕಿಂತ ನೂರು ಪಾಲು ಬೆಲೆಬಾಳುವ ಸುದ್ದಿ ತರುತ್ತದೆ.

ಎಂಎಸ್ ಸ್ಕ್ಯಾನ್ ಓದಬಲ್ಲ ತಜ್ಞರು ದೊಡ್ಡ ನಗರಗಳಲ್ಲಿದ್ದಾರೆ, ರಾಯಚೂರಿನಲ್ಲೋ ಚಾಮರಾಜನಗರದಲ್ಲೋ ಸ್ಕ್ಯಾನ್ ಮಾಡಿಸಿದವರಿಗೆ ತಂತ್ರಾಂಶವೇ ತಜ್ಞನಾಗಲಿ ಎಂದು ಹೇಳುವವರಿದ್ದಾರೆ. ಆಶಯ ಒಳ್ಳೆಯದು. ಆದರೆ ಡಾಕ್ಟರಿಗೆ ಸಾಕಾಗುವಷ್ಟರಲ್ಲಿ ಕಂಪ್ಯೂಟರಿನ ಕೆಲಸ ಸಾಗುವುದಿಲ್ಲ. ದೊಡ್ಡ ಲಕೋಟೆಯಲ್ಲಿ ಕೊಡುವ ಫಿಲ್ಮ್ ಹಾಳೆಯನ್ನು ಬೆಳಕಿಗೆ ಹಿಡಿದು ನುರಿತ ನರರೋಗ ತಜ್ಞರು ಏನಾದರೂ ಹೇಳಬಲ್ಲರು. ತಂತ್ರಾಂಶಕ್ಕೆ ಅದು ಯಾತಕ್ಕೂ ಬಾರದು. 5 ಮಿಲಿಮೀಟರ್ ದಪ್ಪದ ಪದರಗಳಾಗಿ ತೆಗೆದ ಸ್ಕ್ಯಾನ್‌ನಲ್ಲಿ 3 ಮಿಲಿಮೀಟರ್ ಗಾಯ ಎರಡು ಪದರಗಳ ನಡುವೆ ಕಳೆದುಹೋಗಿರುತ್ತದೆ, ಇನ್ನು ಹುಡುಕುವುದೇನು. ಯುರೋಪ್ ಮತ್ತು ಉತ್ತರ ಅಮೆರಿಕದ ತಜ್ಞರು ಸೇರಿ 2021ರಲ್ಲಿ ಕೊಟ್ಟ ಶಿಫಾರಸು ಮೂರು ಆಯಾಮದ ಫ್ಲೇರ್ ಮುಖ್ಯ ಎನ್ನುತ್ತದೆ. ಮಾಮೂಲಿ ತಪಾಸಣೆಗೆ ಪ್ರತಿ ಸಲ ಗ್ಯಾಡೋಲಿನಿಯಂ ಎಂಬ ಬಣ್ಣದ ಮದ್ದು ಚುಚ್ಚಬೇಕಿಲ್ಲ ಎಂದೂ ಹೇಳುತ್ತದೆ. ಹೋಲಿಸಲು ಹಳೆಯ ಒಳ್ಳೆಯ ಸ್ಕ್ಯಾನ್ ಇದ್ದರೆ ಬಹಳ ಸಲ ಆ ಮದ್ದಿನ ಅಗತ್ಯ ಬೀಳುವುದಿಲ್ಲ, ಖರ್ಚೂ ಉಳಿಯುತ್ತದೆ. ಔಷಧ ಶುರು ಮಾಡಿದ ಮೂರರಿಂದ ಆರು ತಿಂಗಳಲ್ಲಿ ತೆಗೆಸಿದ ಸ್ಕ್ಯಾನ್ ಮುಂದಿನ ಹೋಲಿಕೆಗಳಿಗೆ ಆಧಾರ, ಯಾಕೆಂದರೆ ಔಷಧ ಹಿಡಿಯುವ ಮುನ್ನ ಹುಟ್ಟಿದ ಗಾಯಗಳನ್ನು ಔಷಧದ ಸೋಲಿನ ಲೆಕ್ಕಕ್ಕೆ ಹಾಕಬಾರದು. ಹೀಗಾಗಿ ಚಿಕ್ಕ ಊರುಗಳಿಗೆ ಮೊದಲು ತಲುಪಬೇಕಾದದ್ದು ಬಣ್ಣದ ವರದಿ ಕೊಡುವ ತಂತ್ರಾಂಶವಲ್ಲ, ಈ ಒಂದು ಪುಟದ ಸ್ಕ್ಯಾನ್ ವಿಧಾನ. ಅದನ್ನು ಯಂತ್ರಕ್ಕೆ ಒಮ್ಮೆ ಊಡಿಸಿಟ್ಟರೆ ತಂತ್ರಜ್ಞರು ಗುಂಡಿ ಒತ್ತಿದರೆ ಸಾಕು. ರೋಗಿಗಳ ಕಡೆಯಿಂದ ಆಗಬೇಕಾದ್ದೂ ಇಷ್ಟೇ: ಸಾಧ್ಯವಾದಷ್ಟು ಅದೇ ಸೆಂಟರಿನಲ್ಲಿ ಮಾಡಿಸುವುದು, ಫಿಲ್ಮ್ ಜತೆಗೆ ಸಿ.ಡಿ.ಯನ್ನೂ ಕೇಳಿ ಪಡೆಯುವುದು, ಹಳೆಯ ಸಿ.ಡಿ.ಗಳನ್ನು ಪೆನ್‌ಡ್ರೈವ್‌ಗೆ ಹಾಕಿ ದಿನಾಂಕ ಬರೆದಿಟ್ಟುಕೊಳ್ಳುವುದು. ತಂತ್ರಾಂಶ ಕೊಳ್ಳುವ ಆಸ್ಪತ್ರೆಗಳು ಕಂಪನಿಯವರ ಹತ್ತಿರ ಕೇಳಬೇಕಾದ್ದು ಮಾತ್ರ ಸ್ವಲ್ಪ ಹೆಚ್ಚು: ನಮ್ಮ ಯಂತ್ರದಲ್ಲಿ, ನಮ್ಮ ರೋಗಿಗಳನ್ನು ಒಂದೇ ದಿನ ಎರಡು ಸಲ ಸ್ಕ್ಯಾನ್ ಮಾಡಿದರೆ ನಿಮ್ಮ ಅಂಕೆ ಎಷ್ಟು ಅಲ್ಲಾಡುತ್ತದೆ ಎಂದು ಬರೆದುಕೊಡಿ, ಮತ್ತು ವರದಿಯ ಮೊದಲ ಪುಟದಲ್ಲಿ ಮೊತ್ತದ ಬದಲು ಪ್ರತಿ ಹೊಸ ಚುಕ್ಕೆಯ ಚಿತ್ರವನ್ನು ಅದೇ ಜಾಗದ ಹೋದ ವರ್ಷದ ಚಿತ್ರದ ಪಕ್ಕದಲ್ಲಿ ಅಚ್ಚು ಹಾಕಿ.